ಕರೆಗೆ ಓಗೊಟ್ಟವನ ಮನೆ

ದೇವರ ಕರೆಗೆ ಓಗೊಟ್ಟು ಮನೆ ಬಿಟ್ಟವರ ಕಥೆಯನ್ನು ಬಸವನ ಬಾಗೇವಾಡಿಯ ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಎಳೆಯ ಬಸವಣ್ಣನವರು ಜನಿವಾರವನ್ನು ಒಲ್ಲೆನೆಂದು ಹುಟ್ಟಿದ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು. ಇಂದು ನಾವು ಕನ್ನಡ ನಾಡಿನ ಇನ್ನೊಬ್ಬ ತರುಣನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಆತನು ಹಿಡಿದದ್ದು ಕ್ರಿಸ್ತನ ಮಾರ್ಗ. ಆದರೆ ಅದಕ್ಕಾಗಿ ತೆತ್ತ ಬೆಲೆ ಯಾವ ಮನೆಯವರಿಗೂ ತಿಳಿಯುವಂಥದು.

ಆನಂದರಾವ್ ಕೌಂಡಿನ್ಯರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಆ ಊರಿಗೆ ಬಂದಿದ್ದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮುಂದೆ ನಮ್ಮ ಬಸವಪುರಾಣವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಅವರ ಬಳಿ ಕಲಿಯುತ್ತಿದ್ದ ಆನಂದರಾಯರ ಮನಸ್ಸು ಬೈಬಲಿನ ಕಡೆಗೆ ತಿರುಗಿತು. 1844ರ ಜನವರಿ 6ರಂದು ಇನ್ನಿಬ್ಬರು ಬ್ರಾಹ್ಮಣ ತರುಣರೊಡನೆ ಅವರು ದೀಕ್ಷಾಸ್ನಾನವನ್ನು ಪಡೆದು, ಗುರುವಿನ ಹೆಸರಾದ ಹರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು.

ಆಗ ಈ ಹೆಜ್ಜೆಯು ಸಾಮಾನ್ಯವಾದದ್ದಾಗಿರಲಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಪಂಕ್ತಿಯೂ ಇಲ್ಲ, ಹಬ್ಬವೂ ಇಲ್ಲ. ಬದುಕಿರುವಾಗಲೇ ಅವನು ಸತ್ತವನೆಂದು ಬಂಧುಗಳು ಎಣಿಸುವರು. ಹಿರಿಯರ ಆಸ್ತಿಯೂ ಕೈಬಿಡುವ ಭಯವಿತ್ತು. ಮತ ಬಿಟ್ಟವನ ದಾಯಭಾಗವನ್ನು ಕುಂಪಣಿ ಸರಕಾರವು ತನ್ನ ಪ್ರಾಂತಗಳಲ್ಲೆಲ್ಲ ಕಾಯ್ದುಕೊಟ್ಟದ್ದು 1850ರ 21ನೆಯ ಕಾಯದೆಯಿಂದ. ಇದೆಲ್ಲಕ್ಕೂ ಮಿಗಿಲಾಗಿ, ಆನಂದರಾಯರಿಗೆ ಅದಾಗಲೇ ಮದುವೆಯಾಗಿತ್ತು. ಹೆಂಡತಿಯು ಅವರ ಹಿಂದೆ ಬರಲಿಲ್ಲ.

ಅಬ್ರಹಾಮನು ಎಲ್ಲಿಗೆ ಹೋಗುವೆನೆಂಬುದನ್ನರಿಯದೆ ಹೊರಟನೆಂದು ಕ್ರೈಸ್ತರು ಹೇಳುವರು. ಹೊರಡುವದಕ್ಕೆ ಒಂದು ದಿನದ ಧೈರ್ಯ ಸಾಕು. ಹಾಗೆ ಹೊರಟದ್ದು ಆವೇಶದಿಂದಲೋ ವಿಧೇಯತೆಯಿಂದಲೋ ಎಂಬುದು ಮುಂದಿನ ದಿನಗಳಿಂದ ತಿಳಿಯಬೇಕು. ಆನಂದರಾಯರು 1846ರಲ್ಲಿ ಸಮುದ್ರವನ್ನು ದಾಟಿ ಬಾಸೆಲ್ ನಗರಕ್ಕೆ ಹೋಗಿ ದೇವಜ್ಞಾನವನ್ನು ಅಭ್ಯಾಸ ಮಾಡಿದರು. 1851ರಲ್ಲಿ ಪಾದ್ರಿಯ ಪಟ್ಟವನ್ನು ಪಡೆದು ಮರಳಿದರು. ಮರಳಿದ್ದಾದರೂ ಎಲ್ಲಿಗೆ? ತಮ್ಮನ್ನು ತೊರೆದ ಜನರೇ ಇದ್ದ ಅದೇ ಮಂಗಳೂರಿಗೆ! ದಿನವೂ ಅದೇ ಬೀದಿಗಳಲ್ಲಿ ನಡೆದಾಡಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಕೊಡಗಿನಲ್ಲಿ ಬಡ ಹೊಲೆಯ ಕುಟುಂಬಗಳು ನೆಲೆನಿಂತ ಆನಂದಪುರವು ಅವರ ಹೆಸರನ್ನೇ ಹೊತ್ತಿದೆ. 1860ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾಗಿ, 1893ರಲ್ಲಿ ತೀರಿಕೊಂಡರು. ದೀಕ್ಷೆ ಪಡೆದ ದಿನದಿಂದ ಆ ದಿನದ ವರೆಗೆ ಸುಮಾರು 49 ವರ್ಷ.

ಆದರೂ ಹಿಂದುಳಿದ ಮೊದಲ ಹೆಂಡತಿಯನ್ನು ಮರೆತು ಈ ಲೇಖನವನ್ನು ಮುಗಿಸಲು ನಮ್ಮ ಮನಸ್ಸು ಒಪ್ಪದು. ಕರೆಯು ಕೇಳಿಸಿದ್ದು ಗಂಡನೊಬ್ಬನಿಗೆ. ಬೆಲೆಯನ್ನು ತೆತ್ತವರು ಇಬ್ಬರು. ಆಕೆಯೂ ತನ್ನ ಮನಸ್ಸಿಗೆ ಸತ್ಯವೆಂದು ತೋರಿದ ಧರ್ಮವನ್ನೇ ಬಿಡದೆ ನಿಂತಿರಬಹುದು. ಆ ಹೆಣ್ಣುಮಗಳು ನಿಷ್ಠೆಯಲ್ಲಿ ಗಂಡನಿಗಿಂತ ಕಡಿಮೆಯವಳೆಂದು ನಾವು ಹೇಗೆ ಹೇಳೋಣ?

ನಮ್ಮ ಮನೆಗಳಲ್ಲಿಯೂ ಮಗನೋ ಮಗಳೋ ಒಂದು ದಿನ, ‘ನನ್ನ ಮನಸ್ಸು ಬೇರೆ ದಾರಿಯನ್ನು ಹೇಳುತ್ತಿದೆ’ ಎಂದು ಮುಂದೆ ನಿಲ್ಲಬಹುದು. ಹೊರಡುವವರು ಹಿಂದೆ ಉಳಿಯುವವರ ಕಣ್ಣೀರನ್ನು ಲೆಕ್ಕಕ್ಕೆ ಹಿಡಿಯಲಿ. ಉಳಿಯುವವರು ಬಾಗಿಲನ್ನು ಮುಚ್ಚಿದರೂ ಅಗುಳಿಯನ್ನು ಹಾಕದಿರಲಿ. ಇಷ್ಟಾದರೆ, ಕರೆಗೆ ಓಗೊಟ್ಟವನಿಗೂ ಒಂದು ಮನೆ ಉಳಿದೀತು.