ಆರೋಗ್ಯಕ್ಕೆ ಯಾವ ಮೊಟ್ಟೆ? ಜವಾರಿಯೋ, ಫಾರಂ ಮೊಟ್ಟೆಯೋ?

ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಜ್ಜೆ ಬೇಸಾಯದ ಬಗ್ಗೆ ಮಾತು ಮುಗಿಸಿ ಏಳುವ ಹೊತ್ತಿಗೆ ರೈತ ಮಹಿಳೆಯೊಬ್ಬರು ಕೇಳಿದರು: "ಸಾಹೇಬ್ರ, ಜವಾರಿ ತತ್ತಿ ರಾಯಚೂರಿಗೆ ಹೋಗ್ತಾವ. ಫಾರಂ ತತ್ತಿ ಚಲೋ ಅಲ್ಲಂತ ಮನಿಗೆ ತರಂಗಿಲ್ರಿ. ಹಂಗಾರ ಹುಡುಗ್ರಿಗೆ ಏನು ಕೊಡಬೇಕು?" ಅವರ ಅಂಗಳದಲ್ಲಿ ಕೋಳಿಗಳಿದ್ದವು, ಮನೆಯಲ್ಲಿ ಮೂವರು ಮಕ್ಕಳಿದ್ದರು. ಮಕ್ಕಳ ತಟ್ಟೆಗೆ ಮಾತ್ರ ಯಾವ ಮೊಟ್ಟೆಯೂ ಬೀಳುತ್ತಿರಲಿಲ್ಲ. ನಾನು ಬೇಸಾಯಶಾಸ್ತ್ರದವನು, ಕೋಳಿ ಸಾಕಣೆ ನನ್ನ ವಿಷಯವಲ್ಲ. ಆದರೆ ಕೋಳಿ ತಿನ್ನುವುದು ನಮ್ಮ ಹೊಲದ ಕಾಳನ್ನೇ ಆದ್ದರಿಂದ ಈ ಪ್ರಶ್ನೆಯನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮೊದಲು ತೂಕದ ಲೆಕ್ಕ ನೋಡೋಣ. ಜವಾರಿ ಕೋಳಿಯ ಮೊಟ್ಟೆ ಸುಮಾರು 40 ಗ್ರಾಂ, ಫಾರಂ ಮೊಟ್ಟೆ ಸುಮಾರು 55 ಗ್ರಾಂ ತೂಗುತ್ತದೆ. ಸಿಪ್ಪೆ ಕಳೆದರೆ ಎರಡರಲ್ಲಿಯೂ ನೂರಕ್ಕೆ ಸುಮಾರು 13 ಭಾಗ ಸಸಾರಜನಕ. ಅಂದರೆ ಜವಾರಿ ಮೊಟ್ಟೆಯೊಂದರಿಂದ ನಾಲ್ಕೂವರೆ ಗ್ರಾಂ, ಫಾರಂ ಮೊಟ್ಟೆಯೊಂದರಿಂದ ಆರು ಗ್ರಾಂಗಿಂತ ಸ್ವಲ್ಪ ಹೆಚ್ಚು ಸಸಾರಜನಕ ದೊರೆಯುತ್ತದೆ. ಜವಾರಿಗೆ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಬೆಲೆ ಸಿಗುವುದುಂಟು. ಎರಡು ಪಟ್ಟು ಸಿಕ್ಕ ದಿನ ಒಂದು ಜವಾರಿ ಮೊಟ್ಟೆ ಮಾರಿ ಎರಡು ಫಾರಂ ಮೊಟ್ಟೆ ತಂದರೆ ಮಕ್ಕಳಿಗೆ ಹನ್ನೆರಡು ಗ್ರಾಂ ಸಸಾರಜನಕ ಸಿಕ್ಕಂತಾಯಿತು. ಆ ತಾಯಿ ಮಾರುತ್ತಿದ್ದುದು ತಪ್ಪಲ್ಲ, ಬರಿಗೈಯಲ್ಲಿ ಹಿಂತಿರುಗುತ್ತಿದ್ದುದು ತಪ್ಪು.

ಫಾರಂ ಮೊಟ್ಟೆಯಲ್ಲಿ ಸತ್ವವಿಲ್ಲ ಎನ್ನುವವರು ನಮ್ಮ ಜಿಲ್ಲೆಯಲ್ಲಿ ನಡೆದುದನ್ನು ಗಮನಿಸಬೇಕು. ಗರ್ಭಿಣಿ ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟದೊಡನೆ ಮೊಟ್ಟೆ ಕೊಡುವ ಮಾತೃಪೂರ್ಣ ಯೋಜನೆಯನ್ನು 2017ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸುವ ಮುನ್ನ ಪ್ರಯೋಗ ಮಾಡಿ ನೋಡಿದ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲಾರಂಭಿಸಿದರು. ಪಕ್ಕದ ಯಾದಗಿರಿಯ ಮಕ್ಕಳನ್ನು, ಆಗ ಮೊಟ್ಟೆ ಇಲ್ಲದಿದ್ದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿದಾಗ ತೂಕದ ಏರಿಕೆ ಯಾದಗಿರಿಯಲ್ಲಿಯೇ ಹೆಚ್ಚಾಗಿತ್ತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒದಗುವುದು ಫಾರಂ ಮೊಟ್ಟೆಯೇ.

ಇನ್ನು ಬಣ್ಣದ ಮಾತು. ಸಿಪ್ಪೆಯ ಬಣ್ಣ ಕೋಳಿಯ ತಳಿಯನ್ನು ಅವಲಂಬಿಸಿದೆ, ಸತ್ವವನ್ನಲ್ಲ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯ ಮೊಟ್ಟೆಯೂ ಕಂದು. ಆದ್ದರಿಂದ ಕಂದಾಗಿದೆ ಎಂದ ಮಾತ್ರಕ್ಕೆ ಜವಾರಿಯ ಬೆಲೆ ತೆರಬೇಡಿರಿ.

ಹಳದಿಯ ಬಣ್ಣ ಮೇವಿನಿಂದ ಬರುತ್ತದೆ. ನಮ್ಮ ಬಿಳಿಜೋಳದಲ್ಲಿ ಹಳದಿ ವರ್ಣದ್ರವ್ಯ ತೀರ ಕಡಿಮೆ. ಬೇಸಿಗೆಯಲ್ಲಿ ಹಸಿರು ಒಣಗಿ, ಕೋಳಿ ಬರೀ ಜೋಳ ಹೆಕ್ಕಿದಾಗ ಜವಾರಿ ಮೊಟ್ಟೆಯ ಹಳದಿಯೂ ಪೇಲವವಾಗುತ್ತದೆ. ಮಳೆ ಬಿದ್ದು ಸೊಪ್ಪು, ಹುಳು ಸಿಕ್ಕೊಡನೆ ಅದೇ ಕೋಳಿಯ ಮೊಟ್ಟೆ ಕೇಸರಿಗೆ ತಿರುಗುತ್ತದೆ. ಫಾರಂ ಕೋಳಿಗೆ ಮೆಕ್ಕೆಜೋಳದಿಂದ ಆ ಬಣ್ಣ ಬರುತ್ತದೆ. ಚೆಂಡುಹೂವಿನ ಸಾರವನ್ನು ಮೇವಿಗೆ ಸೇರಿಸಿ ಬಣ್ಣ ಏರಿಸುವುದೂ ಉಂಟು. ಬಿಸಿಲಿನಲ್ಲಿ ಅಡ್ಡಾಡಿ ಹಸಿರು ಮೇಯ್ದ ಕೋಳಿಯ ಮೊಟ್ಟೆಯಲ್ಲಿ ಡಿ ಜೀವಸತ್ವ ತುಸು ಹೆಚ್ಚಿರುವುದು ನಿಜ. ಆದರೆ ಅದು ಎರಡು ಪಟ್ಟು ಬೆಲೆಗೆ ತಕ್ಕ ಹೆಚ್ಚಳವೆಂದು ನನಗೆ ತೋರದು.

ಜವಾರಿ ಎಂದರೆ ವಿಷಮುಕ್ತ ಎಂಬ ನಂಬಿಕೆಯೂ ಇದೆ. ಈ ಮಾತನ್ನು ರೈತರಿಗೇ ಹೇಳಬೇಕಾಗಿದೆ. ಮಾನ್ವಿಯ ಕಾಲುವೆ ಭತ್ತವಿರಲಿ, ದೇವದುರ್ಗದ ಹತ್ತಿ, ಮೆಣಸಿನಕಾಯಿ ಇರಲಿ, ಸಿಂಪರಣೆ ನಡೆದ ಹೊಲದಲ್ಲಿ ಹುಳು ಹೆಕ್ಕಿದ ಕೋಳಿಯ ಮೊಟ್ಟೆಗೆ ಕೀಟನಾಶಕದ ಶೇಷ ಸೇರಬಹುದು. ಕೊಬ್ಬಿನಲ್ಲಿ ಕರಗುವಂಥವು ಹಳದಿಯಲ್ಲಿ ಶೇಖರವಾಗುತ್ತವೆ. ಬಿತ್ತಿ ಉಳಿದ ಉಪಚರಿಸಿದ ಬೀಜವನ್ನು ಅಂಗಳಕ್ಕೆ ಚೆಲ್ಲುವವರನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿರಿ, ಅದನ್ನು ಕೋಳಿಗೆ ಎಟುಕದಂತೆ ಕಟ್ಟಿಡಿರಿ. ಸಿಂಪರಣೆಯಾದ ದಿನಗಳಲ್ಲಿ ಕೋಳಿಗಳನ್ನು ಮನೆಯ ಬಳಿಯೇ ಇರಿಸಿಕೊಳ್ಳಿರಿ.

ನಮ್ಮ ಜಿಲ್ಲೆಯಲ್ಲಿ ಮೊಟ್ಟೆಯ ದೊಡ್ಡ ಶತ್ರು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಫಾರಂಗಳಲ್ಲಿ ಹುಂಜ ಇರುವುದಿಲ್ಲವಾದ್ದರಿಂದ ಆ ಮೊಟ್ಟೆಯಲ್ಲಿ ಮರಿ ಬೆಳೆಯುವ ಪ್ರಶ್ನೆಯಿಲ್ಲ. ಹುಂಜವಿರುವ ಅಂಗಳದ ಮೊಟ್ಟೆ ಫಲಿತವಾಗಿರುತ್ತದೆ. ಇಂಥ ಮೊಟ್ಟೆಯೊಳಗಿನ ಭ್ರೂಣ 27 ಡಿಗ್ರಿಗಿಂತ ಮೇಲೆ ಬೆಳೆಯತೊಡಗುತ್ತದೆ. ಕಾವುಪೆಟ್ಟಿಗೆಯ ಶಾಖವೇ ಮೂವತ್ತೇಳೂವರೆ ಡಿಗ್ರಿ ಎಂದ ಮೇಲೆ, ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಬುಟ್ಟಿ ಏನಾಗುತ್ತದೆಂದು ಊಹಿಸಬಹುದು. ಮೂರ್ನಾಲ್ಕು ದಿನಗಳಲ್ಲೇ ಒಳಗೆ ರಕ್ತದ ಎಳೆಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಪೇಟೆಯಿಂದ ಜವಾರಿ ಮೊಟ್ಟೆ ಕೊಳ್ಳುವವರು, ಇಟ್ಟ ದಿನ ತಿಳಿಯದಿದ್ದರೆ ಫಾರಂ ಮೊಟ್ಟೆ ಕೊಳ್ಳುವುದೇ ಲೇಸು. ಮಾರುವವರು ಬೇಸಿಗೆಯಲ್ಲಿ ಹುಂಜವನ್ನು ಬೇರೆ ಕಟ್ಟಬೇಕು. ಸುಮಾರು ಮೂರು ವಾರಗಳ ನಂತರ ಫಲಿತವಲ್ಲದ ಮೊಟ್ಟೆ ದೊರೆಯುತ್ತದೆ.

ಯಾವ ಬಗೆಯದೇ ಆಗಲಿ, ಬಿರುಕಿಲ್ಲದ, ನೆರಳಿನಲ್ಲಿಟ್ಟ ಮೊಟ್ಟೆಯನ್ನೇ ಆರಿಸಿರಿ. ಬೇಸಿಗೆಯ ಮೊಟ್ಟೆಗೆ ಸಿಪ್ಪೆ ತೆಳು, ಬಿರುಕು ಬೇಗ ಬೀಳುತ್ತದೆ. ಮನೆಗೆ ತಂದು ಒಂದನ್ನು ನೀರಿನ ಪಾತ್ರೆಗೆ ಬಿಡಿರಿ. ತಳದಲ್ಲಿ ಅಡ್ಡಲಾಗಿ ಮಲಗಿದರೆ ತಾಜಾ, ತಳದಲ್ಲೇ ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಎಸೆಯತಕ್ಕದ್ದು. ಇಡುವ ಮುನ್ನ ತೊಳೆಯಬಾರದು. ಸಿಪ್ಪೆಯ ಮೇಲಿನ ಸಹಜ ಲೇಪ ಹೋದರೆ ರೋಗಾಣುಗಳು ಒಳಸೇರುತ್ತವೆ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆಯನ್ನಿಟ್ಟು ಅದರೊಳಗೆ ಮೊಟ್ಟೆ ಇಟ್ಟು ಬಟ್ಟೆ ಮುಚ್ಚಿದರೆ ಸಾಕು.

ಹೆಚ್ಚು ಬೆಲೆಯ ಒಮೆಗಾ-3 ಮೊಟ್ಟೆಯ ಗುಟ್ಟು ಹಲವು ಕಡೆ ಕೋಳಿಗೆ ತಿನ್ನಿಸುವ ಅಗಸೆ. ನಾವು ರೊಟ್ಟಿಯೊಡನೆ ಅಗಸೆ ಹಿಂಡಿಯನ್ನೇ ತಿನ್ನುವವರು! ಆ ಮೊಟ್ಟೆಯಲ್ಲಿರುವ ಎಲ್ಲವೂ ಹಿಂಡಿಯಿಂದ ಸಿಗದು, ಆದರೂ ರೈತ ಕುಟುಂಬ ಅದಕ್ಕಾಗಿ ಹಣ ಸುರಿಯಬೇಕಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರು ದಿನಕ್ಕೆಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಬೇಕು.

ಗರಡಿ ಹುಡುಗರು ಹಸಿ ಜವಾರಿ ಮೊಟ್ಟೆ ಒಡೆದು ಕುಡಿಯುವುದುಂಟು. ಹಸಿ ಮೊಟ್ಟೆಯ ಸಸಾರಜನಕದಲ್ಲಿ ಅರ್ಧದಷ್ಟು ಮಾತ್ರ ಜೀರ್ಣವಾಗುತ್ತದೆ, ಬೇಯಿಸಿದರೆ ನೂರಕ್ಕೆ ತೊಂಬತ್ತರಷ್ಟು. ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯಬೇಕಾದರೂ ಹಳದಿ ಗಟ್ಟಿಯಾಗುವವರೆಗೆ ಬೇಯಿಸಬೇಕು. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಆಯಿತು.