ಗ್ಯಾಸ್ಟ್ರೊನಾಮಿಕ್ ಸೈನ್ಸಸ್ ವಿಶ್ವವಿದ್ಯಾಲಯ, ಪೊಲೆಂಜೊ

ಗ್ಯಾಸ್ಟ್ರೊನಾಮಿಕ್ ಸೈನ್ಸಸ್ ವಿಶ್ವವಿದ್ಯಾಲಯವು ಇಟಲಿಯ ವಾಯವ್ಯ ಭಾಗದ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಬ್ರಾ ಪಟ್ಟಣಕ್ಕೆ ಸೇರಿದ ಪೊಲೆಂಜೊ ಎಂಬ ಹಳ್ಳಿಯಲ್ಲಿರುವ ಖಾಸಗಿ ವಿಶ್ವವಿದ್ಯಾಲಯವಾಗಿದೆ. ಸ್ಲೋ ಫುಡ್ ಚಳವಳಿಯು ಪಿಯೆಮೊಂಟೆ ಮತ್ತು ಎಮಿಲಿಯಾ-ರೊಮಾನ್ಯಾ ಪ್ರಾಂತ್ಯಗಳ ಸಹಕಾರದೊಂದಿಗೆ 2004ರಲ್ಲಿ ಇದನ್ನು ಸ್ಥಾಪಿಸಿತು. ಗ್ಯಾಸ್ಟ್ರೊನಮಿ ಎಂದರೆ ಅಡುಗೆಯ ಕಲೆ ಎಂದು ತಿಳಿಯುವುದು ವಾಡಿಕೆ. ಈ ಸಂಸ್ಥೆಯಲ್ಲಿ ಆ ಪದಕ್ಕೆ ಇನ್ನೂ ವಿಶಾಲವಾದ ಅರ್ಥವಿದೆ. ಬೇಸಾಯ, ಇತಿಹಾಸ, ಮಾನವಶಾಸ್ತ್ರ, ಅರ್ಥಶಾಸ್ತ್ರ, ಪರಿಸರ ಹಾಗೂ ಪ್ರವಾಸೋದ್ಯಮಗಳ ನಡುವೆ ಆಹಾರವನ್ನಿಟ್ಟು ನೋಡುವ ಅಧ್ಯಯನವೇ ಇಲ್ಲಿನ ಗ್ಯಾಸ್ಟ್ರೊನಮಿ.

ಹಿನ್ನೆಲೆ

1986ರಲ್ಲಿ ನಡೆದ ಎರಡು ಘಟನೆಗಳು ಈ ಚಳವಳಿಗೆ ನೆಲೆಯೊದಗಿಸಿದವು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು ಇಟಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ಹಲವರು ದೃಷ್ಟಿ ಕಳೆದುಕೊಂಡರು. ಈ ಹಗರಣಕ್ಕೆ ಪಿಯೆಮೊಂಟೆಯ ಹೆಸರೂ ಅಂಟಿಕೊಂಡಿದ್ದರಿಂದ ಅಲ್ಲಿನ ದ್ರಾಕ್ಷಿ ಬೆಳೆಗಾರರು, ತಪ್ಪು ಮಾಡದವರೂ ಸಹ, ಮಾರುಕಟ್ಟೆಯ ನಂಬಿಕೆಯನ್ನು ಕಳೆದುಕೊಂಡರು. ಅದೇ ವರ್ಷ ರೋಮ್ ನಗರದ ಪಿಯಾಝಾ ದಿ ಸ್ಪಾನ್ಯಾ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದಾಗ ಪ್ರತಿಭಟನೆಗಳು ನಡೆದವು. ಬ್ರಾ ಪಟ್ಟಣದವರೇ ಆದ ಕಾರ್ಲೊ ಪೆಟ್ರಿನಿ (ಜನನ 1949) ಈ ಹಿನ್ನೆಲೆಯಲ್ಲಿ ಕಟ್ಟಿದ ಸಂಘಟನೆಯು 1989ರಲ್ಲಿ ಪ್ಯಾರಿಸಿನಲ್ಲಿ ಸ್ಲೋ ಫುಡ್ ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಚಳವಳಿಯಾಯಿತು.

ಪೆಟ್ರಿನಿಯವರ ಬರಹದಲ್ಲಿ ಬರುವ ಒಂದು ಪ್ರಸಂಗವು ಈ ವಿಶ್ವವಿದ್ಯಾಲಯದ ಅಗತ್ಯವನ್ನು ಯಾವ ವ್ಯಾಖ್ಯೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಆಸ್ತಿ ಎಂಬ ಊರಿನ ಸುತ್ತಮುತ್ತ ದಪ್ಪ ತಿರುಳಿನ ಒಂದು ಬಗೆಯ ದೊಣ್ಣೆಮೆಣಸಿನಕಾಯಿ ಬೆಳೆಯುತ್ತಿತ್ತು. ಪೆಪೆರೊನಾತಾ ಎಂಬ ಸ್ಥಳೀಯ ಪದಾರ್ಥಕ್ಕೆ ಅದೇ ಜೀವಾಳ. 1990ರ ದಶಕದಲ್ಲಿ ಪೆಟ್ರಿನಿಯವರು ಪರಿಚಿತ ಭೋಜನಗೃಹವೊಂದರಲ್ಲಿ ಅದನ್ನು ತಿಂದಾಗ ರುಚಿ ಕೆಟ್ಟಿತ್ತು. ವಿಚಾರಿಸಿದಾಗ, ಕಾಯಿ ಹಾಲೆಂಡಿನಿಂದ ಬರುತ್ತದೆ, ಅಗ್ಗ, ಬಹುದಿನ ಕೆಡುವುದಿಲ್ಲ ಎಂಬ ಉತ್ತರ ದೊರೆಯಿತು. ಹಾಗಾದರೆ ಹಿಂದೆ ಮೆಣಸಿನಕಾಯಿ ಬೆಳೆಯುತ್ತಿದ್ದ ಹಸಿರುಮನೆಗಳಲ್ಲಿ ಈಗೇನಿದೆ? ಟ್ಯುಲಿಪ್ ಗಡ್ಡೆಗಳು. ಅವು ಹಾಲೆಂಡಿಗೆ ರಫ್ತಾಗುತ್ತಿದ್ದವು. ರೈತ ಬೆಳೆಯನ್ನು ಬಿಟ್ಟದ್ದಕ್ಕೂ, ತಟ್ಟೆಯ ರುಚಿ ಹೋದದ್ದಕ್ಕೂ, ಸರಕು ಯುರೋಪಿನ ಉದ್ದಕ್ಕೂ ಅತ್ತಿತ್ತ ಓಡಾಡುವುದಕ್ಕೂ ಇರುವ ಸಂಬಂಧವನ್ನು ಕೃಷಿ ಕಾಲೇಜಾಗಲಿ ಹೋಟೆಲ್ ನಿರ್ವಹಣೆಯ ಶಾಲೆಯಾಗಲಿ ಒಂಟಿಯಾಗಿ ಕಲಿಸಲಾರದು.

ಆವರಣ

ಪೊಲೆಂಜೊ ರೋಮನ್ನರ ಕಾಲದಲ್ಲಿ ಪೊಲ್ಲೆಂಟಿಯಾ ಎಂಬ ಪಟ್ಟಣವಾಗಿತ್ತು. ವಿಶ್ವವಿದ್ಯಾಲಯವಿರುವ ಕಟ್ಟಡ ಸಮುಚ್ಚಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸವಾಯ್ ವಂಶದ ದೊರೆ ಕಾರ್ಲೊ ಆಲ್ಬೆರ್ಟೊ ತನ್ನ ಕೃಷಿ ಕ್ಷೇತ್ರದ ನಿರ್ವಹಣೆಗಾಗಿ ಕಟ್ಟಿಸಿದನು. ಸವಾಯ್ ಅರಮನೆಗಳ ಭಾಗವಾಗಿ ಇದು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ನೆಲಮಾಳಿಗೆಗಳಲ್ಲಿ ಈಗ ವೈನ್ ಬ್ಯಾಂಕ್ ಇದೆ. ಇಟಲಿಯ ವಿವಿಧ ಭಾಗಗಳ ವೈನ್‌ಗಳನ್ನು ಅಲ್ಲಿ ಸಂಗ್ರಹಿಸಿ ಇಡಲಾಗುತ್ತದೆ.

ಅಧ್ಯಯನ ಮತ್ತು ಪ್ರವಾಸ

ಆಹಾರ ಇತಿಹಾಸಕಾರ ಆಲ್ಬೆರ್ಟೊ ಕಪಾತ್ತಿ ಇದರ ಮೊದಲ ಕುಲಪತಿಯಾಗಿದ್ದರು. ಅನೇಕ ದೇಶಗಳ ವಿದ್ಯಾರ್ಥಿಗಳು ಇಲ್ಲಿ ಓದುತ್ತಾರೆ. ಅಧ್ಯಯನ ಪ್ರವಾಸವು ಪಠ್ಯಕ್ರಮದ ಕಡ್ಡಾಯ ಅಂಗ. ವಿದ್ಯಾರ್ಥಿಗಳು ಇಟಲಿಯ ಒಳಗೂ ಹೊರಗೂ ಹೋಗಿ ಗಿಣ್ಣು ತಯಾರಕರು, ಮೀನುಗಾರರು, ರೈತರು ಮುಂತಾದವರ ಕೆಲಸವನ್ನು ಹತ್ತಿರದಿಂದ ಕಾಣುತ್ತಾರೆ. ಇದನ್ನು ವಿನೋದಯಾತ್ರೆಯೆಂದು ಭಾವಿಸಬಾರದು. ಒಂದು ಪದಾರ್ಥದ ಬೆಲೆಯಲ್ಲಿ ಬೆಳೆದವನಿಗೆ ಎಷ್ಟು ಸೇರುತ್ತದೆ ಎಂಬುದು ಪುಸ್ತಕಕ್ಕಿಂತ ಹಟ್ಟಿಯಲ್ಲಿ ಬೇಗ ತಿಳಿಯುತ್ತದೆ. ವೃದ್ಧ ರೈತರು, ಕುಶಲಕರ್ಮಿಗಳು ಮೊದಲಾದವರ ಮಾತುಗಳನ್ನು ದೃಶ್ಯರೂಪದಲ್ಲಿ ದಾಖಲಿಸುವ ‘ನೆನಪಿನ ಕಣಜಗಳು’ ಎಂಬ ಯೋಜನೆಯೂ ಇಲ್ಲಿ ರೂಪುಗೊಂಡಿದೆ.

ಅಂತರರಾಷ್ಟ್ರೀಯ ಸಹಯೋಗ

ಸ್ಥಾಪನೆಯ ವರ್ಷವೇ ಟ್ಯೂರಿನ್ ನಗರದಲ್ಲಿ ‘ಟೆರ್ರಾ ಮಾದ್ರೆ’ (ಭೂಮಿತಾಯಿ) ಎಂಬ ಆಹಾರ ಉತ್ಪಾದಕರ ಜಾಗತಿಕ ಸಮಾವೇಶ ಮೊದಲ ಬಾರಿಗೆ ನಡೆಯಿತು. 2006ರ ಎರಡನೆಯ ಸಮಾವೇಶಕ್ಕೆ ರೈತರ ಜೊತೆಗೆ ಬಾಣಸಿಗರನ್ನೂ ವಿಶ್ವವಿದ್ಯಾಲಯಗಳ ವಿದ್ವಾಂಸರನ್ನೂ ಆಹ್ವಾನಿಸಲಾಯಿತು. ವಿದ್ವಾಂಸರು ರೈತನನ್ನು ಕೇವಲ ಅಧ್ಯಯನದ ವಸ್ತುವಾಗಿ ಕಾಣದೆ ಅರಿವುಳ್ಳ ಸಹಭಾಗಿಯಾಗಿ ಕಾಣಬೇಕೆಂಬುದು ಈ ಕೂಡುವಿಕೆಯ ಆಶಯವಾಗಿತ್ತು. ಇಲ್ಲಿನ ಜನಾಂಗೀಯ ಸಸ್ಯಶಾಸ್ತ್ರಜ್ಞ ಆಂಡ್ರಿಯಾ ಪಿಯೆರೊನಿ ಅವರು ಇತರ ದೇಶಗಳ ಸಂಶೋಧಕರೊಡನೆ ಬಾಲ್ಕನ್ ಮುಂತಾದ ಪ್ರದೇಶಗಳಲ್ಲಿ ಜನರು ಆಹಾರಕ್ಕೆ ಬಳಸುವ ಕಾಡುಸೊಪ್ಪುಗಳನ್ನು ದಾಖಲಿಸಿದ್ದಾರೆ.

ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವ ಇನ್ನೊಂದು ಸಂಸ್ಥೆ ಸ್ಪೇನಿನ ಸಾನ್ ಸೆಬಾಸ್ಟಿಯನ್ ನಗರದ ಬಾಸ್ಕ್ ಕ್ಯುಲಿನರಿ ಸೆಂಟರ್. ಮೊಂಡ್ರಾಗನ್ ವಿಶ್ವವಿದ್ಯಾಲಯಕ್ಕೆ ಸೇರಿದ ಇದು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಘಟನೆಯೊಂದಿಗೆ 2015ರಿಂದ ಆಹಾರ ಪ್ರವಾಸೋದ್ಯಮದ ಜಾಗತಿಕ ವೇದಿಕೆಯನ್ನು ನಡೆಸುತ್ತಿದೆ. 2019ರಲ್ಲಿ ಇವೆರಡೂ ಸೇರಿ ಈ ವಿಷಯದ ಮಾರ್ಗಸೂಚಿಯನ್ನು ಪ್ರಕಟಿಸಿದವು.

ಪ್ರವಾಸೋದ್ಯಮದ ಇಕ್ಕಟ್ಟು

ಪ್ರವಾಸಿಗರು ಮೆಚ್ಚಿದ ಮಾತ್ರಕ್ಕೆ ಒಂದು ಆಹಾರ ಉಳಿಯುತ್ತದೆಯೇ ಎಂಬ ಪ್ರಶ್ನೆ ಪೊಲೆಂಜೊದ ನೆರೆಯಲ್ಲೇ ಇದೆ. ಲಾಂಗೆ ಬೆಟ್ಟಗಳ ದ್ರಾಕ್ಷಿತೋಟಗಳು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹತ್ತಿರದ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ಜಾತ್ರೆ ಪ್ರತಿ ಶರತ್ಕಾಲದಲ್ಲೂ ದೂರದೇಶಗಳ ಜನರನ್ನು ಸೆಳೆಯುತ್ತದೆ. ಟ್ರಫಲ್ ಎಂಬುದು ಓಕ್, ಪಾಪ್ಲರ್, ವಿಲೋ ಮುಂತಾದ ಮರಗಳ ಬೇರಿನೊಡನೆ ಬದುಕುವ, ನೆಲದಡಿಯ ಒಂದು ಶಿಲೀಂಧ್ರ. ಬಿಳಿ ಟ್ರಫಲನ್ನು ಬೇಕೆಂದ ಕಡೆ ಬೆಳೆಯುವುದು ಬಲು ಕಷ್ಟ. ತರಬೇತಾದ ನಾಯಿಗಳ ಮೂಗನ್ನೇ ನಂಬಿ ಹುಡುಕಬೇಕು. ವೈನಿಗೆ ಬೇಡಿಕೆ ಹೆಚ್ಚಿದಂತೆ ಕಾಡಿನ ತುಂಡುಗಳು ದ್ರಾಕ್ಷಿತೋಟಗಳಾದರೆ ಆ ಮರಗಳೇ ಇಲ್ಲವಾಗುತ್ತವೆ. ಒಂದು ಪದಾರ್ಥದ ಕೀರ್ತಿ ಇನ್ನೊಂದರ ನೆಲೆಯನ್ನು ನುಂಗುವ ಸಂಗತಿ ಇದು. ಬರೋಲೊ ವೈನಿನ ಊರುಗಳಲ್ಲಿ ಏರಿರುವ ಜಮೀನಿನ ಬೆಲೆ, ಸ್ವಂತ ನೆಲವಿಲ್ಲದ ಯುವ ಬೆಳೆಗಾರರಿಗೆ ದೊಡ್ಡ ತಡೆಯಾಗಿದೆ.

ದೂರದ ಊರಿನ ಆಹಾರವನ್ನು ಕಾಪಾಡಲು ವಿಮಾನವೇರಿ ಹೋಗುವುದರಲ್ಲಿಯೂ ವಿರೋಧಾಭಾಸವಿದೆ. ಅದಕ್ಕೆ ಪೂರ್ಣ ಪರಿಹಾರ ಯಾರಲ್ಲಿಯೂ ಇಲ್ಲ. ಪ್ರವಾಸಿಗನನ್ನು ಗಿರಾಕಿಯ ಸ್ಥಾನದಿಂದ ‘ಸಹ-ಉತ್ಪಾದಕ’ನ ಸ್ಥಾನಕ್ಕೆ ತರುವುದು ಸ್ಲೋ ಫುಡ್ ಹಿಡಿದಿರುವ ದಾರಿ. ಆಸ್ಟ್ರಿಯದ ಕಾರಿಂಥಿಯಾ ಪ್ರಾಂತ್ಯದ ಗೈಲ್ ಮತ್ತು ಲೆಸಾಖ್ ಕಣಿವೆಗಳು ಈ ಬಗೆಯ ಪ್ರವಾಸಕ್ಕೆ ಮೊದಲ ತಾಣವಾದವು. ಅಲ್ಲಿ ಅತಿಥಿಗಳು ರೈತರ ಮನೆಯಲ್ಲಿ ರೊಟ್ಟಿ ಸುಡುವುದನ್ನೂ ಗಿಣ್ಣು ಮಾಡುವುದನ್ನೂ ಕಲಿಯುತ್ತಾರೆ, ಕಲಿತದ್ದಕ್ಕೆ ಹಣವನ್ನೂ ಕೊಡುತ್ತಾರೆ.

ಭಾರತದೊಡನೆ ಸಂಬಂಧ

ಮೂಲನಿವಾಸಿ ಸಮುದಾಯಗಳ ಟೆರ್ರಾ ಮಾದ್ರೆ ಸಮಾವೇಶವು 2015ರ ನವೆಂಬರಿನಲ್ಲಿ ಮೇಘಾಲಯದ ಶಿಲ್ಲಾಂಗಿನಲ್ಲಿ ನಡೆಯಿತು. ಅನೇಕ ದೇಶಗಳ ಸಮುದಾಯಗಳ ಪ್ರತಿನಿಧಿಗಳು ಖಾಸಿ ಬೆಟ್ಟಗಳ ಜನರೊಡನೆ ಸೇರಿ ತಮ್ಮ ಬೀಜ, ಬೆಳೆ ಮತ್ತು ಅಡುಗೆಗಳ ಕುರಿತು ವಿಚಾರ ವಿನಿಮಯ ನಡೆಸಿದರು.