ಮಕ್ಕಳೊಡನೆ ವೇಳಾಂಕಣಿಗೆ: ದಾರಿಯಲ್ಲಿ ಕಲಿತ ಪಾಠಗಳು



ರಜೆ ಬಂತೆಂದರೆ ತಾಳವಾಡಿ ಸೀಮೆಯ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಈ ಸಲವಾದರೂ ವೇಳಾಂಕಣಿಗೆ ಹೋಗಿ ಬರೋಣ." ಹರಕೆ ಇದ್ದವರು ಹರಕೆ ತೀರಿಸಲು, ಇಲ್ಲದವರು ಮಕ್ಕಳಿಗೆ ಕಡಲು ತೋರಿಸಲು. ಬೆಟ್ಟದ ಮೇಲಿನ ನಮ್ಮ ಮಕ್ಕಳಿಗೆ ಆನೆ ಗೊತ್ತು, ಅಲೆ ಗೊತ್ತಿಲ್ಲ. ಬಂಗಾಳ ಕೊಲ್ಲಿಯ ದಡದ ಆ ಊರಿಗೆ ಇಲ್ಲಿಂದ 400 ಕಿಲೋಮೀಟರಿಗೂ ಹೆಚ್ಚು ದಾರಿ. ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ, ಈರೋಡು, ಕರೂರು, ತಿರುಚಿ, ತಂಜಾವೂರು, ನಾಗಪಟ್ಟಣ. ಆಮೇಲೆ ಆರೋಗ್ಯಮಾತೆಯ ಸನ್ನಿಧಿ.

ನಾವು ಎರಡು ಸಲ ಹೋಗಿ ಬಂದಿದ್ದೇವೆ. 2023ರ ಮೇ ತಿಂಗಳಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಇನ್ನೊಮ್ಮೆ. ಮೊದಲ ಸಲ ಮಾಡಿದ ತಪ್ಪುಗಳೇ ಎರಡನೆಯ ಸಲಕ್ಕೆ ಪಾಠವಾದವು. ಅವನ್ನು ಬಚ್ಚಿಡದೆ ಹೇಳಿದರೆ ಇನ್ನೊಂದು ಮನೆಯ ಕೂಸಿಗೆ ಉಪಕಾರವಾದೀತು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ಪ್ರಯಾಣ

ಮಗನ ಮುಡಿ ಕೊಡುವ ಹರಕೆ ಇತ್ತು. ಅವನಿಗೆ ಆಗ ಎರಡೂವರೆ ವರ್ಷ. ಅಕ್ಕಂದಿರಿಬ್ಬರಿಗೆ ಎಂಟು ಮತ್ತು ಐದು. ಜೊತೆಗೆ ನಮ್ಮ ಅವ್ವ. ಬಾಡಿಗೆ ಜೀಪು ಹಿಡಿದು, ಒಂದೇ ದಿನದಲ್ಲಿ ಕಡಲು ಮುಟ್ಟುವ ಲೆಕ್ಕ ಹಾಕಿದೆವು. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ, "ದಾರಿಯಲ್ಲಿ ಹಸಿವಾಗದಿರಲಿ" ಎಂದು ಹೊಟ್ಟೆ ತುಂಬ ಹಾಲು, ಇಡ್ಲಿ ತಿನ್ನಿಸಿದೆವು. ಅದೇ ಮೊದಲ ತಪ್ಪು.

ದಿಂಬಂನಿಂದ ಬಣ್ಣಾರಿಗೆ ಇಳಿಯುವಾಗ 27 ಹೇರ್‌ಪಿನ್ ತಿರುವುಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅಜ್ಜಿಯ ಮಡಿಲಲ್ಲಿದ್ದ ಮಗ ಮೂರು ಸಲ ಕಕ್ಕಿಕೊಂಡ. ನೀರು ಕೇಳಿದಾಗ ಅವ್ವ, "ಈಗ ನೀರು ಕುಡಿಸಿದರೆ ಮತ್ತೆ ಕಕ್ಕುತ್ತದೆ, ಸುಮ್ಮನಿರಿ" ಎಂದರು. ನಾವೂ ಒಪ್ಪಿದೆವು. ಇದು ಎರಡನೆಯ ತಪ್ಪು, ಮತ್ತು ದೊಡ್ಡ ತಪ್ಪು. ಸತ್ಯಮಂಗಲ ದಾಟುತ್ತಲೇ ಬಿಸಿಲು ಏರಿತು. ಈರೋಡಿನ ಹೊತ್ತಿಗೆ ಜೀಪು ಒಲೆಯಂತಾಗಿತ್ತು. ಮಗ ಮಲಗಿಬಿಟ್ಟ. "ಸದ್ಯ, ಕೂಸು ನಿದ್ದೆ ಮಾಡಿತಲ್ಲ" ಎಂದು ನಾವು ಸಮಾಧಾನಪಟ್ಟೆವು.

ಕರೂರಿನಲ್ಲಿ ಊಟಕ್ಕೆ ಇಳಿದಾಗ ಅವನನ್ನು ಎಬ್ಬಿಸಿದರೆ ಸರಿಯಾಗಿ ಕಣ್ಣು ಬಿಡಲಿಲ್ಲ. ತುಟಿ ಒಣಗಿತ್ತು. ಅಳಲು ಬಾಯಿ ತೆರೆದ, ಕಣ್ಣೀರು ಬರಲಿಲ್ಲ. ಊಟದ ಮನೆಯ ಹೆಂಗಸು ನೋಡಿದವರೇ ಆಸ್ಪತ್ರೆಯ ದಾರಿ ತೋರಿಸಿದರು. ಅಲ್ಲಿ ನರ್ಸಮ್ಮ ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕೂಸು ಒಂದಕ್ಕೆ ಹೋಗಿ ಎಷ್ಟು ಹೊತ್ತಾಯಿತು?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗಿನ ಜಾವ ಮನೆ ಬಿಟ್ಟ ಮೇಲೆ ಅವನ ಚಡ್ಡಿ ಒದ್ದೆಯಾಗಿರಲೇ ಇಲ್ಲ. ಆಗ ಮಧ್ಯಾಹ್ನ ಒಂದು ಗಂಟೆ.

ಓ.ಆರ್.ಎಸ್. ಕಲಸಿ, ಚಮಚ ಕೈಗೆ ಕೊಟ್ಟು, "ಒಂದೊಂದೇ ಚಮಚ, ಬಿಡದೆ ಕುಡಿಸಿ" ಎಂದರು. ನಡುವೆ ಒಮ್ಮೆ ಕಕ್ಕಿದ. "ಹತ್ತು ನಿಮಿಷ ತಡೆದು ಮತ್ತೆ ಕೊಡಿ, ನಿಲ್ಲಿಸಬೇಡಿ" ಎಂದರು. ಎರಡು ಗಂಟೆಯಾದ ಮೇಲೆ ನಮ್ಮ ಮಡಿಲು ಒದ್ದೆಯಾಯಿತು. ಮಗ ಒಂದಕ್ಕೆ ಹೋದದ್ದಕ್ಕೆ ನಾವಿಬ್ಬರೂ, ಅವ್ವನೂ ಕೂತು ಅತ್ತದ್ದು ಅದೇ ಮೊದಲು. ಆ ರಾತ್ರಿ ಕರೂರಿನಲ್ಲೇ ಉಳಿದು, ಮರುದಿನ ಮುಂದೆ ಹೋದೆವು.

ಓದುಗರು ನೆನಪಿಡಬೇಕಾದದ್ದು

ವಾಹನದಲ್ಲಿ ವಾಂತಿ ಬರುವುದು ರೋಗವಲ್ಲ. ಒಳಕಿವಿಗೆ ದೇಹ ಅಲುಗಾಡುತ್ತಿರುವುದು ಗೊತ್ತಾಗುತ್ತದೆ. ಕಣ್ಣು ಮಾತ್ರ ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಾ, ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಈ ಎರಡು ಸುದ್ದಿ ಹೊಂದಿಕೆಯಾಗದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಹೊರಡುವ ಮುನ್ನ ಹಗುರವಾದ ತಿಂಡಿ ಸಾಕು. ಹೊಟ್ಟೆ ಬಿರಿಯುವಷ್ಟೂ ಬೇಡ, ಬರಿ ಹೊಟ್ಟೆಯೂ ಬೇಡ. ಘಾಟಿಯಲ್ಲಿ ಮೊಬೈಲ್ ಕೊಡಬೇಡಿ. ದೂರದ ಬೆಟ್ಟ ನೋಡುವಂತೆ ಕೂರಿಸಿ, ಗಾಳಿ ಬರಲಿ. ವಾಂತಿ ತಡೆಯುವ ಔಷಧಿಯನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಬಾರದು.

ವಾಂತಿಯಾದ ಮಗುವಿಗೆ ನೀರು ನಿಲ್ಲಿಸಬಾರದು. ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿರುತ್ತದೆ. ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಅರ್ಧ ಪೊಟ್ಟಣ, ಲೋಟದ ಅಂದಾಜು ಕೂಡದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಸಿಹಿ ಹಣ್ಣಿನ ರಸದ ಡಬ್ಬಿ ಇದಕ್ಕೆ ಬದಲಿಯಲ್ಲ. ಆರು ತಿಂಗಳ ಒಳಗಿನ ಕೂಸಿಗೆ ತಾಯಿಯ ಹಾಲನ್ನೇ ಮತ್ತೆ ಮತ್ತೆ ಕುಡಿಸಿ, ಬೇಗ ವೈದ್ಯರಿಗೆ ತೋರಿಸಿ.

ಮಗು ಆರು ಗಂಟೆ ಒಂದಕ್ಕೆ ಹೋಗದಿದ್ದರೆ, ಬಾಯಿ ಒಣಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಅತ್ತರೆ ನೀರು ಬಾರದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ಎಲ್ಲಿದ್ದೀರೋ ಅಲ್ಲಿಂದಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಬಿಟ್ಟು ಹೋದ ಹಸು

ಆ ಸಲ ನಾವು ಒಂದು ದಿನ ತಡವಾಗಿ ಹಿಂದಿರುಗಿದಾಗ ಕೊಟ್ಟಿಗೆಯಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಹಾಲು ಕರೆಯಲು ಒಪ್ಪಿಕೊಂಡಿದ್ದವರು ಎರಡು ದಿನಕ್ಕೆಂದು ಒಪ್ಪಿದ್ದರು. ಮೂರನೆಯ ದಿನ ಅವರಿಗೂ ಬಿತ್ತನೆ ಕೆಲಸ. ಅವಸರದಲ್ಲಿ ಅರೆಬರೆ ಕರೆದದ್ದರಿಂದ ಹಸುವಿಗೆ ಕೆಚ್ಚಲು ಬಾವು. ತಪ್ಪು ಅವರದಲ್ಲ, ಹೇಳಿ ಹೋಗದ ನಮ್ಮದು.

ಎರಡನೆಯ ಸಲ ಹೊರಡುವ ಮೂರು ದಿನ ಮೊದಲೇ ಕರೆಯುವವರನ್ನು ಕರೆಸಿ, ನಮ್ಮ ಎದುರಿಗೇ ಕರೆಸಿದೆವು. ಹಸು ಹೊಸ ಕೈಗೆ ಹೊಂದಿಕೊಳ್ಳಬೇಕು. ಗಾಬರಿಯಾದ ಹಸು ಹಾಲು ಪೂರ್ತಿ ಇಳಿಸುವುದಿಲ್ಲ. ಬೆಳಿಗ್ಗೆ, ಸಂಜೆ ಅದೇ ಹೊತ್ತಿಗೆ, ಕೆಚ್ಚಲು ಖಾಲಿಯಾಗುವವರೆಗೆ ಕರೆಯಬೇಕು ಎಂದು ಹೇಳಿದೆವು. ಮೇವನ್ನು ದಿನದ ಲೆಕ್ಕದಲ್ಲಿ ಕಟ್ಟಿಟ್ಟೆವು, ಒಂದು ದಿನದ್ದು ಹೆಚ್ಚಾಗಿಯೇ. ಆ ನಾಲ್ಕು ದಿನದ ಡೇರಿ ಹಾಲಿನ ಹಣ ಅವರಿಗೇ ಎಂದು ಮೊದಲೇ ಮಾತಾಯಿತು.

ಹೊಲದ ಕಾವಲಿನ ಮಾತೂ ಇದೆ. ಕಾಡಂಚಿನ ನಮ್ಮಲ್ಲಿ ಎಲೆಕೋಸು, ಬಾಳೆ, ಜೋಳ ನಿಂತಿರುವಾಗ ಒಂದು ರಾತ್ರಿ ಅಟ್ಟಣೆ ಖಾಲಿ ಬಿಟ್ಟರೂ ಹಂದಿ, ಆನೆ ಬರುವುದು ತಪ್ಪದು. ಪಕ್ಕದ ಹೊಲದವರೊಡನೆ ಪಾಳಿ ಬದಲಾಯಿಸಿಕೊಂಡೆವು. ಅವರ ಮಗಳ ಮದುವೆಯ ವಾರ ನಾವು ಅವರ ಹೊಲವನ್ನೂ ಕಾದೆವು. ಕಟಾವು ಮುಗಿಸಿ ಹೊಲ ಖಾಲಿ ಇರುವಾಗ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು.

ಯಾವಾಗ, ಹೇಗೆ

ಮೇ ತಿಂಗಳಲ್ಲಿ ಕರೂರು, ತಿರುಚಿ ಕಡೆಯ ಬಿಸಿಲು ಚಿಕ್ಕ ಮಕ್ಕಳಿಗಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಗೆ ಈಶಾನ್ಯ ಮಾರುತದ ಮಳೆ, ಚಂಡಮಾರುತದ ಭಯ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಬಡಿದದ್ದು ಅದೇ ನಾಗಪಟ್ಟಣದ ಸೀಮೆಗೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗಿನ ಹಬ್ಬದಲ್ಲಿ ಜನಸಾಗರ. ಹಾಗಾಗಿ ಎರಡನೆಯ ಸಲ ಪೊಂಗಲ್ ರಜೆ ಆರಿಸಿಕೊಂಡೆವು.

ಒಂದು ದಿನದ ದಾರಿಯನ್ನು ಎರಡು ದಿನ ಮಾಡಿದೆವು. ಮೊದಲ ದಿನ ತಿರುಚಿಯವರೆಗೆ, ರಾತ್ರಿ ಅಲ್ಲಿ ತಂಗಿ, ಮರುದಿನ ಮಧ್ಯಾಹ್ನದೊಳಗೆ ಕಡಲು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಕ್ಕಳನ್ನು ಓಡಾಡಿಸಿದೆವು, ಚಾಲಕರಿಗೂ ವಿಶ್ರಾಂತಿ. ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಆದ್ದರಿಂದ ಚೆಕ್‌ಪೋಸ್ಟಿನಲ್ಲಿ ಸಮಯ ಕೇಳಿಕೊಂಡು, ಹೋಗುವಾಗಲೂ ಬರುವಾಗಲೂ ಹಗಲಿನಲ್ಲೇ ಘಾಟಿ ದಾಟಿ. ಅದು ಹುಲಿ ಮೀಸಲು ಕಾಡು. "ಅಪ್ಪಾ, ಒಂದಕ್ಕೆ" ಎಂದು ಮಗು ಕೂಗಿದರೂ ಕಾಡಿನ ನಡುವೆ ಇಳಿಸಬೇಡಿ. ಹಾಸನೂರಿನಲ್ಲೇ ಮುಗಿಸಿಕೊಂಡು, ಮುಂದೆ ಬಣ್ಣಾರಿಯಲ್ಲಿ ಇಳಿಯಿರಿ. ಆನೆ ಕಂಡರೆ ದೂರದಲ್ಲೇ ನಿಂತು ದಾರಿ ಬಿಡಿ. ಕಬ್ಬು, ಬಾಳೆಹಣ್ಣು ಎಸೆಯಬೇಡಿ.

ಮಡಿಲಲ್ಲಿ ಕೂಸು ಭದ್ರ ಎಂಬುದು ತಪ್ಪು ತಿಳುವಳಿಕೆ. ಗಕ್ಕನೆ ಬ್ರೇಕ್ ಬಿದ್ದರೆ ಯಾವ ತಾಯಿಯ ಕೈಯೂ ಮಗುವನ್ನು ತಡೆದು ಹಿಡಿಯಲಾರದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ನಾವು ಮೈಸೂರಿನ ನೆಂಟರಿಂದ ಮಕ್ಕಳ ಸೀಟನ್ನು ಎರವಲು ತಂದೆವು. ಮೊದಲ ಅರ್ಧ ಗಂಟೆ ಮಗ ರಂಪ ಮಾಡಿದ; ಆಮೇಲೆ ಎತ್ತರದಲ್ಲಿ ಕೂತು ಹೊರಗೆಲ್ಲ ಕಾಣುತ್ತದೆಂದು ಖುಷಿಯಾದ. ಈ ಸಲ ಘಾಟಿಯಲ್ಲಿ ಒಮ್ಮೆಯೂ ಕಕ್ಕಲಿಲ್ಲ.

ಬುತ್ತಿಗೆ ಹುಳಿಯನ್ನ, ಬಾಳೆಹಣ್ಣು, ರಾಗಿ ಹುರಿಹಿಟ್ಟು, ಬೆಲ್ಲ, ಕುದಿಸಿ ಆರಿಸಿದ ನೀರು. ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿ ಉಂಡೆ ಮಾಡಿಕೊಟ್ಟರೆ ಹೋಟೆಲಿನ ಹಂಗಿಲ್ಲ. ನಿಂತ ವಾಹನದಲ್ಲಿ ಕಿಟಕಿ ಮುಚ್ಚಿ ಮಗುವನ್ನು ಐದು ನಿಮಿಷವೂ ಬಿಟ್ಟು ಹೋಗಬೇಡಿ. ಒಳಗಿನ ಶಾಖ ನೋಡುತ್ತಿದ್ದಂತೆ ಏರುತ್ತದೆ.

ಕಾವೇರಿಯ ಜೊತೆಗೆ

ಕರೂರು ದಾಟಿದ ಮೇಲೆ ಕುಳಿತಲೈ ಕಡೆ ರಸ್ತೆ ಕಾವೇರಿಯ ಪಕ್ಕದಲ್ಲೇ ಸಾಗುತ್ತದೆ. ತಂಜಾವೂರಿನಿಂದಾಚೆ ಹೊಳೆ ಕವಲೊಡೆದು ಕಾಲುವೆಗಳಾಗಿ ಗದ್ದೆಗಳಲ್ಲಿ ಹಂಚಿಹೋಗುತ್ತದೆ. ಜನವರಿಯಲ್ಲಿ ಸಾಂಬಾ ಭತ್ತದ ಕೊಯ್ಲು. ರಸ್ತೆಯ ಅಂಚಿನಲ್ಲೇ ಭತ್ತ ಒಣಗಹಾಕಿದ್ದರು. ನಾಗಪಟ್ಟಣದ ಹತ್ತಿರ ಭತ್ತ ಕಾಯುತ್ತಿದ್ದ ಹಿರಿಯ ರೈತರೊಬ್ಬರೊಡನೆ ಮಾತಾಡಿದೆವು. 2004ರ ಸುನಾಮಿಯಲ್ಲಿ ಅವರ ಗದ್ದೆಗೆ ಉಪ್ಪುನೀರು ನುಗ್ಗಿತ್ತಂತೆ. ಬದು ಕಟ್ಟಿ ಮಳೆನೀರು ನಿಲ್ಲಿಸಿ, ಉಪ್ಪನ್ನು ಕರಗಿಸಿ ಹೊರಗೆ ಹರಿಸಿ, ಡಯಾಂಚ ಬಿತ್ತಿ ಅದನ್ನೇ ಹಸಿರೆಲೆ ಗೊಬ್ಬರವಾಗಿ ಉತ್ತು, ಮತ್ತೆ ಭತ್ತ ಕಂಡರಂತೆ. "ನಿಮಗೆ ಆನೆ, ನಮಗೆ ಉಪ್ಪು" ಎಂದು ನಕ್ಕರು. ನಮ್ಮ ದೊಡ್ಡ ಮಗಳು ಆ ಮಾತನ್ನು ಮನೆಗೆ ಬರುವವರೆಗೂ ಹೇಳುತ್ತಿದ್ದಳು.

ಕಡಲ ದಡದಲ್ಲಿ

2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ವೇಳಾಂಕಣಿಯ ದಡದಲ್ಲಿ ನೂರಾರು ಯಾತ್ರಿಕರು ಅಲೆಗೆ ಸಿಕ್ಕಿ ಪ್ರಾಣ ಬಿಟ್ಟರು. ಅಲ್ಲಿ ನಿಂತಾಗ ಅದನ್ನು ನೆನೆಯದೆ ಇರಲಾಗದು. ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಾಣಿಸಿದರೆ ಅದು ನೋಡುವ ಸೊಗಸಲ್ಲ, ಓಡುವ ಸೂಚನೆ. ದೂರಕ್ಕೆ, ಎತ್ತರಕ್ಕೆ ಓಡಬೇಕು ಎಂದು ದೊಡ್ಡ ಮಕ್ಕಳಿಗೆ ಹೇಳಿಕೊಟ್ಟೆವು.

ಶಾಂತವಾಗಿ ಕಾಣುವ ದಿನವೂ ಕೆರೆ ಬೇರೆ, ಕಡಲು ಬೇರೆ. ಹಿಂದಿರುಗುವ ಅಲೆ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈ ಬಿಡದೆ. ಮಗುವಿನ ಮೊಣಕಾಲು ಮೀರಿ ನೀರು ಬೇಡ. ಫೋಟೋ ತೆಗೆಯುವವರನ್ನು ಕಾವಲಿಗೆ ಲೆಕ್ಕ ಹಿಡಿಯಬೇಡಿ. ಆಡಿದ ಮೇಲೆ ಸಿಹಿನೀರಿನಲ್ಲಿ ಮೈ ತೊಳೆದು, ನೀರು ಕುಡಿಸಿ.

ಇನ್ನೊಂದು ಮಾತು. ನಮ್ಮ ಚಿಕ್ಕವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಅಲ್ಲಿ ಯಾರಿಗೆ ಏನು ಹೇಳಿಯಾನು? ಹೊರಡುವ ವಾರವೆಲ್ಲ ಅಕ್ಕಂದಿರು ಅವನಿಗೆ ತಮಿಳಿನಲ್ಲಿ ಅಪ್ಪನ ಹೆಸರು, "ಎನ್ ಊರು ತಾಳವಾಡಿ" ಎಂದು ಹೇಳಲು ಕಲಿಸಿದರು. ಫೋನ್ ನಂಬರಿನ ಚೀಟಿಯನ್ನು ಮೂವರ ಜೇಬಿಗೂ ಪಿನ್ನು ಹಾಕಿ ಸಿಕ್ಕಿಸಿದೆವು. ಅದರ ಅಗತ್ಯ ಬೀಳಲಿಲ್ಲ. ಆದರೆ ಆ ಚೀಟಿ ಇತ್ತೆಂದೇ ನಾವು ನೆಮ್ಮದಿಯಿಂದ ಪೂಜೆಯಲ್ಲಿ ಕೂತೆವು.

ಹಿಂದಿರುಗುವಾಗ ಕರೂರಿನಲ್ಲಿ ಅದೇ ಆಸ್ಪತ್ರೆಗೆ ಹೋದೆವು. ಆ ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಮ್ಮ ಹೊಲದಿಂದ ಅವರಿಗೆಂದು ಕೊಂಡೊಯ್ದಿದ್ದ ಬಾಳೆಗೊನೆಯನ್ನು ಅಲ್ಲಿದ್ದವರಿಗೇ ಕೊಟ್ಟು ಬಂದೆವು. ಆರೋಗ್ಯಮಾತೆಯ ಬಳಿಗೆ ಆರೋಗ್ಯ ಬೇಡಲು ಹೋಗುವ ನಾವು, ದಾರಿಯಲ್ಲಿ ಕೂಸಿನ ಆರೋಗ್ಯ ಕಾಯುವುದನ್ನೂ ಹರಕೆಯ ಒಂದು ಭಾಗವೆಂದೇ ತಿಳಿಯೋಣ. ಹೊರಡುವ ಮುನ್ನ ಚೀಲದಲ್ಲಿ ಎರಡು ಪೊಟ್ಟಣ ಓ.ಆರ್.ಎಸ್., ಒಂದು ಚಮಚ ಇದೆಯೇ ಎಂದು ನೋಡಿಕೊಳ್ಳಿ. ದಾರಿಯಲ್ಲಿ ಎರಡೆರಡು ಗಂಟೆಗೊಮ್ಮೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕೂಸು ಒಂದಕ್ಕೆ ಹೋಗಿ ಎಷ್ಟು ಹೊತ್ತಾಯಿತು?